ಎತ್ತಿಟ್ಟ ಶೂ, ಹೊತ್ತ ಮೂಟೆ

ಬೆಂಗಳೂರಿನಲ್ಲಿ ಕೆರೆ ಹುಡುಕುವುದೇ ಕಷ್ಟ, ಇನ್ನು ಸಮುದ್ರ ಎಲ್ಲಿಂದ ಬರಬೇಕು? ಹಾಗಾಗಿ ಕುಮಟಾದಿಂದ ಗೋಕರ್ಣದವರೆಗೆ ಕಡಲ ದಂಡೆ ಹಿಡಿದು ನಡೆಯಲು ಆಫೀಸಿನ ಹುಡುಗರ ಜೊತೆ ಹೆಸರು ಕೊಟ್ಟ ನಾನು ತಾಲೀಮು ಮಾಡಿದ್ದು ಲಾಲ್‌ಬಾಗ್ ಬಂಡೆಯ ಮೇಲೆ. 300 ಕೋಟಿ ವರ್ಷ ಹಳೆಯ ಬಂಡೆ. ಅದರ ಮುಂದೆ ನನ್ನ ವಯಸ್ಸು ಯಾವ ಲೆಕ್ಕ ಅಂತ ಧೈರ್ಯ ಬಂತು.

ಹೆಗಲಿಗೆ ಅಭ್ಯಾಸವಾಗಲಿ ಎಂದು ಬ್ಯಾಗಿನ ತಳಕ್ಕೆ 5 ಕೆಜಿ ಸೋನಾ ಮಸೂರಿ ಚೀಲ ಹಾಕಿಕೊಂಡು ಎರಡು ವಾರ ಸುತ್ತಿದೆ. ಕಾಲಿಗೆ ಮಾತ್ರ ಹಳೇ ಕ್ಯಾನ್ವಾಸ್. ಆರು ವರ್ಷದ ಹಿಂದೆ ಹಿಮಾಲಯಕ್ಕೆಂದು ಕೊಂಡು, ಹೋಗದೆ, ಡಬ್ಬದ ಸಮೇತ ಅಟ್ಟಕ್ಕೇರಿಸಿದ್ದ ಟ್ರೆಕಿಂಗ್ ಶೂ ಇತ್ತಲ್ಲ, ಅದನ್ನು ಲಾಲ್‌ಬಾಗಿನಲ್ಲಿ ಸವೆಸುವಷ್ಟು ದಡ್ಡನಲ್ಲ ನಾನು.

ಶನಿವಾರ ರಾತ್ರಿ ಬಸ್ಸು, ಭಾನುವಾರ ಬೆಳಿಗ್ಗೆ ಕುಮಟಾ.

ಒಣ ಮರಳಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ನೀರಂಚಿನ ಒದ್ದೆ ಮರಳು ಗಟ್ಟಿ, ಆದರೆ ಕಡಲ ಕಡೆಗೆ ವಾಲಿರುತ್ತದೆ. ಉತ್ತರಕ್ಕೆ ನಡೆಯುವವನ ಎಡಗಾಲು ದಿನವಿಡೀ ತಗ್ಗಿನಲ್ಲಿ, ಬಲಗಾಲು ದಿಣ್ಣೆಯಲ್ಲಿ. ಒಂದು ಕಾಲು ಫುಟ್‌ಪಾತಿನಲ್ಲಿ, ಇನ್ನೊಂದು ಮೋರಿಯಲ್ಲಿ ಇಟ್ಟುಕೊಂಡು ಜಯನಗರದಿಂದ ಯಲಹಂಕಕ್ಕೆ ಹೊರಟ ಹಾಗೆ. ಕಡ್ಲೆ ಬೀಚು ದಾಟುವಷ್ಟರಲ್ಲಿ ಮೀನಖಂಡ ಕಲ್ಲಾಗಿತ್ತು. ಹೆಗಲು ಬೇರೆ ಜಗ್ಗುತ್ತಿತ್ತು.

"ಏನ್ ಸಾರ್, ಬ್ಯಾಗ್ ಭಾರಾನಾ?" ಅಂದ ಹುಡುಗನಿಗೆ, "ಮನೇಲಿ ಚಕ್ಕುಲಿ ತುಂಬಿಸಿದ್ದಾರಪ್ಪ" ಅಂದೆ.

ಅಘನಾಶಿನಿ ಊರು ಇನ್ನೇನು ಬಂತು ಅನ್ನುವಾಗ ಬಲಗಾಲಿನಿಂದ ಪಟ್ ಪಟ್ ಸದ್ದು. ಬಗ್ಗಿ ನೋಡಿದರೆ ಶೂ ಬಾಯಿ ಬಿಟ್ಟಿದೆ. ತಳ ಮುಂದಿನಿಂದ ಕಳಚಿಕೊಂಡು ಹಿಮ್ಮಡಿಯ ಹತ್ತಿರ ಮಾತ್ರ ನೇತಾಡುತ್ತಿದೆ. ಒಳಗಿನ ಸ್ಪಂಜು ಮುಟ್ಟಿದರೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕೈಗೆ ಬಂತು. ಪಾಲಿಯುರೆಥೇನ್ ತಳ ಗಾಳಿಯ ತೇವ ಹೀರಿ, ಹಾಕದೆ ಇಟ್ಟರೂ ಪುಡಿಯಾಗುತ್ತದೆ ಅಂತ ಜೊತೆಯ ಹುಡುಗ ಮೊಬೈಲಿನಲ್ಲಿ ಓದಿ ಹೇಳಿದ. ಅಂದರೆ ನಾನು ಕಾಪಾಡುತ್ತಿದ್ದ ಆರು ವರ್ಷವೂ ಅದು ಡಬ್ಬದೊಳಗೇ ಸವೆಯುತ್ತಿತ್ತು!

ದೋಣಿಯ ನೆರಳಲ್ಲಿ ಬಲೆ ಹೊಲಿಯುತ್ತಿದ್ದ ಅಜ್ಜ ತಲೆಯೆತ್ತಿದರು. "ಬೆಂಗ್ಳೂರಿನವ್ರಾ?" ಕೇಳಿದ್ದು ಶೂ ನೋಡಿ, ಮುಖ ನೋಡಿಯಲ್ಲ. "ಹೊಯ್ಗೆಲಿ ನಡೂಕೆ ಶೂಸ್ ಎಂತಕ್ಕೆ ಮಾರಾಯ್ರೇ?" ಅನ್ನುತ್ತಲೇ ಒಂದು ಮಾರು ನೈಲಾನ್ ದಾರ ಎಸೆದರು.

ದಾರ ಕತ್ತರಿಸಲು ಚಾಕು ಹುಡುಕುತ್ತ ಬ್ಯಾಗಿನ ತಳಕ್ಕೆ ಕೈ ಹಾಕಿದೆ. ಮೆತ್ತಗೆ, ಭಾರವಾಗಿ, ತುಂಬ ಪರಿಚಿತವಾದದ್ದೇನೋ ತಗುಲಿತು. ಮೂಲೆ ಸ್ವಲ್ಪ ಹರಿದಿತ್ತು. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುವ ಹೊಳೆಯ ದಂಡೆಗೆ ನಾನು ರಾಜಧಾನಿಯಿಂದ ಅಕ್ಕಿ ಹೊತ್ತು ತಂದಿದ್ದೆ. ಹುಡುಗರು ಮರಳಿನಲ್ಲಿ ಬಿದ್ದು ಹೊರಳಾಡಿದರು. ಅಜ್ಜನಿಗೆ ಕೊಡಹೋದರೆ, "ಬ್ಯಾಡ, ನಿಮಗೇ ಬೇಕಾಗ್ತದೆ" ಅಂದುಬಿಟ್ಟರು. ಆ ದನಿಯಲ್ಲಿದ್ದದ್ದು ಕನಿಕರವೇ.

ಅಘನ ಅಂದರೆ ಪಾಪ ಅಲ್ಲ, ಅಘ ಅಂದರೆ ಪಾಪ ಅಂತ ನಮ್ಮಲ್ಲೊಬ್ಬ ಅಘನಾಶಿನಿ ಹೊಳೆ ದಾಟುವ ದೋಣಿಯಲ್ಲಿ ವ್ಯಾಕರಣ ಶುರುಮಾಡಿದ. ನನ್ನ ಗಮನವೆಲ್ಲ ಕಾಲಿನ ಗಂಟಿನ ಮೇಲೆ. ತದಡಿ ಬಂತು, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಲ್ಲ ಬಂದವು, ಹೋದವು. ಉಳಿದವರು ಸೂರ್ಯಾಸ್ತ ನೋಡಿದರು. ನಾನು ನಾಲ್ಕನೇ ಸಲ ದಾರ ಬಿಗಿದೆ.

ಗೋಕರ್ಣದಲ್ಲಿ ಕೊಂಡ ಹವಾಯಿ ಚಪ್ಪಲಿಯಲ್ಲಿ ಸೋಮವಾರ ಬೆಳಿಗ್ಗೆ ಮನೆ ಸೇರಿದೆ. ಬಾಗಿಲು ತೆಗೆದ ಹೆಂಡತಿ ಹೇಗಿತ್ತು ಅಂತಲೂ ಕೇಳಲಿಲ್ಲ.

"ಅಕ್ಕಿ ಎಲ್ಲಿ?"

ಭಾನುವಾರ ನೆಂಟರು ಬಂದಿದ್ದರಂತೆ. ಮಾತಾಡದೆ ಚೀಲ ಕೊಟ್ಟೆ.

ಮಧ್ಯಾಹ್ನ ಬಿಸಿ ಅನ್ನ, ತಿಳಿಸಾರು. ಮೊದಲ ತುತ್ತಿಗೇ ಹಲ್ಲಿನಡಿ ಕರಕ್ ಅಂತು. ಅವಳೂ ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಇದು ಕುಮಟಾದ್ದಾ, ಗೋಕರ್ಣದ್ದಾ?"