ಹೊಲಿಗೆ ಬಿಚ್ಚಲು ಹೊರರಾಜ್ಯ ಪ್ರವಾಸ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ಅಡಿಕೆ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅಂತ ಇಟ್ಟುಕೊಳ್ಳಿ. ಮುಂದೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಪೆರ್ಲ, ವಿಟ್ಲ, ಕಲ್ಲಡ್ಕ ದಾಟಿ ಮಂಗಳೂರು. ದಾರಿಯಲ್ಲೇ ಉಕ್ಕಿನಡ್ಕ, ನಮ್ಮ ಜಿಲ್ಲೆಯ ಸರಕಾರಿ ಮೆಡಿಕಲ್ ಕಾಲೇಜು. 2013ರಲ್ಲಿ ಶಿಲಾನ್ಯಾಸ, 2022ರಲ್ಲಿ ಒಪಿ, ಅಂದರೆ ಹೊರರೋಗಿ ವಿಭಾಗ. ಆಂಬುಲೆನ್ಸಿನಿಂದಲೇ ಕೈಮುಗಿದು ಮುಂದೆ ಹೋಗುವುದು ರೂಢಿ.

ಆಪರೇಷನ್ ಆಗಿ ಮನೆಗೆ ಬಂದರು. ನೆಲದಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಗಾಯ ಒದ್ದೆಯಾಗಬಾರದು. ಮೀನಖಂಡ ಊದಿ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಬನ್ನಿ ಅಂತ ಡಾಕ್ಟ್ರು ಹೇಳಿದ್ದಾರೆ. ಕೂಡಲೇ ಅಂದರೆ ಅಷ್ಟೂ ದೂರ ಮತ್ತು ಒಂದು ರಾಜ್ಯದ ಗಡಿ.

ಸೊಸೆ ಮಂಚದ ಪಕ್ಕ ಕಮೋಡ್ ಕುರ್ಚಿ ತಂದಿಟ್ಟರು. "ಮಲಗುವ ಕೋಣೆಯಲ್ಲಾ? ಬೇಡ ಮಗಳೇ" ಅಂತ ಅಜ್ಜಿ ಮುಖ ತಿರುಗಿಸಿದರು. ಮೂರನೇ ದಿನ ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟ ಮೇಲೆ ರಾಜಿಯಾಯಿತು. ನೋಡಲು ಬಂದವರು ಮೂಸಂಬಿಯ ಜೊತೆ ಎಣ್ಣೆ ತಿಕ್ಕುವ ಸಲಹೆಯನ್ನೂ ಕೊಟ್ಟು ಹೋದರು. ಮೂಸಂಬಿ ಒಳ್ಳೆಯದಿತ್ತು.

ಒಂದು ಮಾತು ಒಪ್ಪಬೇಕು. ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಪಾಲಿಯೇಟಿವ್ ನರ್ಸ್ ಗುಡ್ಡ ಹತ್ತಿ ಬರುತ್ತಾರೆ, ಬೆನ್ನು ಹುಣ್ಣಾಗಿದೆಯಾ ಅಂತ ನೋಡುತ್ತಾರೆ. ಗುಡ್ಡದ ಮನೆಗೆ ನರ್ಸನ್ನು ತಲುಪಿಸಬಲ್ಲ ಸರಕಾರಕ್ಕೆ, ರಸ್ತೆ ಬದಿಯ ಕಾಲೇಜಿಗೆ ಸರ್ಜನ್ನರನ್ನು ತಲುಪಿಸುವುದು ಮಾತ್ರ ದೊಡ್ಡ ಸಾಹಸ.

ಎರಡು ವಾರಕ್ಕೆ ಹೊಲಿಗೆ ಬಿಚ್ಚಬೇಕು, ಎಕ್ಸ್‌ರೇ ನೋಡಬೇಕು. ಜಾಸ್ತಿ ಅಲುಗಾಡಬೇಡಿ ಎಂದವರೇ ಬನ್ನಿ ಎಂದಿದ್ದಾರೆ. ಹಿಂದಿನ ಸೀಟಿನಲ್ಲಿ ದಿಂಬು ಒತ್ತಿಟ್ಟು, ತಿರುವು ತಿರುವಿಗೂ "ಮೆಲ್ಲ, ಮೆಲ್ಲ" ಎನ್ನುತ್ತಾ ಹೊರಟರೆ ಮತ್ತೆ ಉಕ್ಕಿನಡ್ಕದ ದರ್ಶನ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಕೆಲಸ ಆಗುವುದೇ ಇಲ್ಲ ಅಂತಲ್ಲ. 2020ರ ಕೋವಿಡ್ ಲಾಕ್‌ಡೌನಿನಲ್ಲಿ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರು ಮುಟ್ಟಲಾಗದೆ ರೋಗಿಗಳು ತೀರಿಹೋದರು. ಆಗ ಇದೇ ಉಕ್ಕಿನಡ್ಕದ ಕಟ್ಟಡ ಕೆಲವೇ ದಿನಗಳಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ತಿರುವನಂತಪುರದಿಂದ ಡಾಕ್ಟರ ತಂಡವೇ ಬಂತು. ಆಮೇಲೆ ಗಡಿ ತೆರೆಯಿತು, ಅವಸರವೂ ಮುಗಿಯಿತು.

ಹಾಗಾಗಿ ಕರ್ನಾಟಕದವರಲ್ಲಿ ಒಂದು ವಿನಂತಿ. ಮಣ್ಣು ಸುರಿಯುವುದು ಖಂಡಿತಾ ಬೇಡ. ಸುಮ್ನೆ ಎರಡು ಲಾರಿ ಮಣ್ಣು ಗಡಿಯ ತಲಪಾಡಿಯಲ್ಲಿ ತಂದು ನಿಲ್ಲಿಸಿ. ಲಾರಿಗೊಂದು ಆಪರೇಷನ್ ಥಿಯೇಟರ್ ಸಿಕ್ಕರೂ ನಮಗೆ ಲಾಭವೇ ಅಲ್ವಾ?