ಎರಡನೇ ಗುಂಡಿ ಎಲ್ಲಿ, ಸ್ವಾಮಿ?

ಮತ್ತೆ ಬಂದಿದೆ ಆ ಸುದ್ದಿ. ಒಳಪುಟದ ಮೂಲೆಯಲ್ಲಿ, ಜಾಹೀರಾತಿನ ಕಂಕುಳಲ್ಲಿ, ಎರಡೇ ಇಂಚು: ‘ಪೊಲೀಸರ ಕರ್ತವ್ಯಕ್ಕೆ ಅಡ್ಡಿ: ಆರೋಪಿಗಳ ಖುಲಾಸೆ’. ಹಿಡಿದುಕೊಂಡು ಹೋದ ದಿನ ಇದೇ ಸುದ್ದಿಗೆ ಫೋಟೊ ಇತ್ತು, ಟಿ.ವಿ.ಯಲ್ಲಿ ಕೆಂಪು ಬಾಣದ ಗುರುತೂ ಇತ್ತು. ಬಿಡುಗಡೆಗೆ ಬಾಣ ಹಾಕುವ ಪದ್ಧತಿ ನಮ್ಮಲ್ಲಿಲ್ಲ.

ಈ ಕೇಸುಗಳ ದೂರು ಓದುವುದೇ ಒಂದು ಸುಖ. ಊರು ಬೇರೆ, ಜಗಳ ಬೇರೆ, ಆರೋಪಿ ಬೇರೆ. ವಾಕ್ಯ ಮಾತ್ರ ಒಂದೇ. ‘ಸದರಿ ಆಸಾಮಿಯು ಏಕಾಏಕಿ ನನ್ನ ಮೇಲೆ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಸಮವಸ್ತ್ರದ ಕಾಲರ್ ಹಿಡಿದು ಎಳೆದಾಡಿದ್ದರಿಂದ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದ್ದು, ಪ್ರಾಣ ಬೆದರಿಕೆ ಹಾಕಿ ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾನೆ.’ ಉಸಿರು ಬಿಡದೆ ಮೂರು ಕಲಂ: ಬೈದಿದ್ದಕ್ಕೆ 504, ಎಳೆದಿದ್ದಕ್ಕೆ 353, ಬೆದರಿಸಿದ್ದಕ್ಕೆ 506. ಮೊದಲನೇ ಗುಂಡಿ ಕಿತ್ತ ಗಂಡಸು ಈ ರಾಜ್ಯದಲ್ಲಿ ಇನ್ನೂ ಹುಟ್ಟಿದಂತಿಲ್ಲ.

ಈಗ ಆ ನಂಬರುಗಳೂ ಬದಲಾಗಿವೆ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ (ಐಪಿಸಿ) ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, 353 ಹೋಗಿ 132 ಆಯಿತು. ಆದರೆ ಸರ್ಕಾರಿ ಕಚೇರಿಗಳ ಗೋಡೆಯ ಮೇಲಿನ ಪೇಂಟಿಗೆ ಯಾರೂ ಹೇಳಿದಂತಿಲ್ಲ. ‘ಕರ್ತವ್ಯಕ್ಕೆ ಅಡ್ಡಿಪಡಿಸಿದಲ್ಲಿ ಕಲಂ 353ರ ಅಡಿ ಕ್ರಮ’ ಎಂಬ ಬೋರ್ಡು ಎಷ್ಟೋ ಕಡೆ ಹಾಗೇ ನಿಂತಿದೆ. ಹೊಸ ಸಂಹಿತೆಯಲ್ಲಿ 353 ಎಂದರೆ ಸುಳ್ಳು ವದಂತಿ ಹಬ್ಬಿಸುವುದು. ಅಂದರೆ ‘ನಿಮ್ಮ ಅರ್ಜಿ ಸಾಹೇಬರ ಟೇಬಲ್ ಮೇಲಿದೆ, ನಾಳೆ ಬನ್ನಿ’ ಎಂದು ಆರು ತಿಂಗಳಿಂದ ಹೇಳುತ್ತಿರುವವರಿಗೇ ಆ ಬೋರ್ಡು ಹೆಚ್ಚು ಒಪ್ಪುತ್ತದೆ. ಇನ್ನು ಹಳೆಯ ಸಂಹಿತೆಯ 132 ಏನಿತ್ತು ಗೊತ್ತೇ? ಸೈನಿಕ ದಂಗೆಗೆ ಕುಮ್ಮಕ್ಕು. ದಂಗೆ ನಡೆದೇಬಿಟ್ಟರೆ ಮರಣದಂಡನೆಯವರೆಗೆ ಹೋಗುತ್ತಿತ್ತು. ಅಂಥ ಘನವಾದ ಖುರ್ಚಿಯಲ್ಲಿ ಈಗ ಹೆಲ್ಮೆಟ್ ವಿಚಾರಕ್ಕೆ ಕಾಲರ್ ಎಳೆದವನು ಕೂತಿದ್ದಾನೆ. ಬಡ್ತಿಯೋ ಹಿಂಬಡ್ತಿಯೋ, ಅವನೇ ಹೇಳಬೇಕು.

ನಂಬರು ಬದಲಾದರೂ ಒಳಗಿನ ಸರಕು ಅದೇ: ಎರಡು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಅದಕ್ಕೆ ‘ಹಲ್ಲೆ’ ಅಥವಾ ‘ಅಪರಾಧಿಕ ಬಲಪ್ರಯೋಗ’ ಆಗಿರಬೇಕು. ಬರೀ ಮಾತು ಹಲ್ಲೆಯಾಗದು ಎಂದು ಕಾನೂನಿನ ವಿವರಣೆಯಲ್ಲೇ ಇದೆ, 1860ರಿಂದ. ಇಷ್ಟು ಓದಿಕೊಳ್ಳಲು ನೂರೈವತ್ತು ವರ್ಷ ಸಾಲಲಿಲ್ಲವೆಂದು ಕಾಣುತ್ತದೆ. ಬೆಂಗಳೂರು ಸಂಚಾರ ಪೊಲೀಸರ ಫೇಸ್‌ಬುಕ್ ಪುಟದಲ್ಲಿ ದಂಪತಿಯೊಂದು ಇನ್‌ಸ್ಪೆಕ್ಟರ್ ನಡವಳಿಕೆಯ ಬಗ್ಗೆ ಬರೆದದ್ದಕ್ಕೆ 353 ಬಿತ್ತು. ಕೀಲಿಮಣೆಯಿಂದ ಕಾಲರ್ ಎಳೆಯುವ ವಿದ್ಯೆ! ಹೈಕೋರ್ಟಿನಲ್ಲಿ ಎಫ್‌ಐಆರ್ ರದ್ದಾಗಲಿಲ್ಲ. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿ, ಇಲ್ಲಿ ಹಲ್ಲೆಯೂ ಇಲ್ಲ, ಬಲಪ್ರಯೋಗವೂ ಇಲ್ಲ ಎಂದಿತು. ಬುದ್ಧಿ ಬಂತೇ? ಬೆಂಗಳೂರಿನ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯಲ್ಲಿ ಕಡತ ನೋಡಲು ಹೋದವರು ಕೂಗಾಡಿದರೆಂದು ಅದೇ ಕಲಂ ಜಡಿದರು. ಕೂಗುವುದು ಹಲ್ಲೆಯಲ್ಲ ಎಂದು ಮತ್ತೆ ದೆಹಲಿಯಿಂದಲೇ ಹೇಳಿಸಿಕೊಳ್ಳಬೇಕಾಯಿತು.

ಹಾಗಾದರೆ ಬರೀ ಅಡ್ಡಿಪಡಿಸಿದವರಿಗೆ ಕಾನೂನೇ ಇಲ್ಲವೇ? ಇದೆ. ಹಳೆಯ 186, ಈಗಿನ 221. ಮೂರು ತಿಂಗಳವರೆಗೆ ಸಜೆ. ದಂಡ ಮೊದಲು 500 ರೂಪಾಯಿಯವರೆಗೆ, ಈಗ 2,500. ತಾಪತ್ರಯ ಏನೆಂದರೆ ಅದು ಜಾಮೀನು ಸಿಗುವ, ಅಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಮೇಲಾಗಿ ಸಂಬಂಧಪಟ್ಟ ಅಧಿಕಾರಿಯೋ ಅವರ ಮೇಲಧಿಕಾರಿಯೋ ಖುದ್ದು ನ್ಯಾಯಾಲಯಕ್ಕೆ ಲಿಖಿತ ದೂರು ಕೊಡಬೇಕು. ಯಾರಿಗೆ ಬೇಕು ಆ ರಗಳೆ? ಹಳೆಯ 353, ಈಗಿನ 132ಕ್ಕಾದರೆ ಠಾಣೆಯ ಪ್ರಿಂಟರಿನಲ್ಲಿ ಇಂಕಿದ್ದರೆ ಸಾಕು, ಜೊತೆಗೆ ಜಾಮೀನುರಹಿತ. ಆದ್ದರಿಂದಲೇ ಬಾಯಿಮಾತಿನ ಜಗಳಕ್ಕೆಲ್ಲ ಒಂದೊಂದು ಗುಂಡಿ ಕೀಳಬೇಕಾಗುತ್ತದೆ.

ಗುಂಡಿಯ ಕಥೆ ಮುಗಿಯುವುದು ಪಾಟೀ ಸವಾಲಿನಲ್ಲಿ. ಅಂಗಿ ಜಪ್ತಿ ಮಾಡಿ, ಚೀಟಿ ಅಂಟಿಸಿ, ಸೀಲು ಹಾಕಿ ಮುದ್ದೆಮಾಲು ಎಂದು ಹಾಜರುಪಡಿಸಬೇಕಿತ್ತು. ಆದರೆ ಕಾನ್‌ಸ್ಟೆಬಲ್‌ಗೆ ಮರುದಿನ ಅದೇ ಅಂಗಿ ಬೇಕು. ಗುಂಡಿ ಹೊಲಿಸಿಕೊಂಡು ಡ್ಯೂಟಿಗೆ ಹೋಗಿರುತ್ತಾರೆ. ಆರೋಪಿ ಪರ ವಕೀಲರಿಗೆ ಇದು ಗೊತ್ತು. ‘ಗುಂಡಿ ಎಲ್ಲಿ, ಸ್ವಾಮಿ?’ ಮೌನ. ‘ಆ ದಿನ ಆ ಸರ್ಕಲ್‌ಗೆ ನಿಮ್ಮನ್ನು ನೇಮಿಸಿದ ಆದೇಶ?’ ಕಡತದಲ್ಲಿಲ್ಲ. ಠಾಣಾ ದಿನಚರಿಯ ನಕಲು? ಅದೂ ಇಲ್ಲ. ಕರ್ತವ್ಯದ ಮೇಲಿದ್ದರೆಂಬುದೇ ಸಾಬೀತಾಗದಿದ್ದರೆ ಅಡ್ಡಿ ಯಾವುದಕ್ಕೆ? ಮೈಮೇಲೆ ಕ್ಯಾಮೆರಾ ಇತ್ತಲ್ಲ ಎಂದರೆ, ವಿಡಿಯೊ ಇದೆ, ಅದಕ್ಕೆ ಕೊಡಬೇಕಾದ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರ ಇಲ್ಲ. ಸ್ಥಳ ಮಹಜರಿಗೆ ಸಹಿ ಹಾಕಿದ ಪಂಚರು ‘ಠಾಣೆಯಲ್ಲಿ ಖಾಲಿ ಹಾಳೆಗೆ ಸಹಿ ತಗೊಂಡರು’ ಎಂದು ಉಲ್ಟಾ ಹೊಡೆಯುತ್ತಾರೆ. ಉಳಿದ ಸಾಕ್ಷಿಗಳೆಲ್ಲ ಒಂದೇ ಠಾಣೆಯವರು, ತನಿಖೆ ಮಾಡಿದವರೂ ಅದೇ ಠಾಣೆಯವರು. ನಟ್ಟನಡು ಪೇಟೆಯಲ್ಲಿ ನಡೆದ ಗಲಾಟೆಗೆ ಒಬ್ಬ ಅಂಗಡಿಯವನೂ ಸಾಕ್ಷಿಯಿಲ್ಲ. ಸಂಶಯದ ಲಾಭ, ಖುಲಾಸೆ, ಎರಡು ಇಂಚು.

ಅಪರೂಪಕ್ಕೆ ಸಾಬೀತಾದರೂ ಮೊದಲ ಸಲ ಸಿಕ್ಕಿಬಿದ್ದವರಿಗೆ ಜೈಲು ಕಡಿಮೆ. ದಂಡ, ಕಲಾಪ ಮುಗಿಯುವವರೆಗೆ ಕೋರ್ಟಿನಲ್ಲೇ ಕೂರುವ ಸಜೆ, ಅಥವಾ 1958ರ ಪರಿವೀಕ್ಷಣಾ ಕಾಯ್ದೆಯಡಿ ಒಳ್ಳೆಯ ನಡತೆಯ ಮುಚ್ಚಳಿಕೆ.

ಹಾಗಾದರೆ ಶಿಕ್ಷೆ ಎಲ್ಲಿ ಎಂದರೆ, ವಾಯಿದೆಗಳಲ್ಲಿ. ಆಟೊ ಓಡಿಸುವವನು ವಾಯಿದೆಯ ದಿನ ದುಡಿಮೆ ಬಿಟ್ಟು ಬರಬೇಕು. ಜಾಮೀನಿಗೆ ಪಹಣಿ ಇದ್ದವರನ್ನು ಹುಡುಕಿ ಕೈಕಾಲು ಹಿಡಿಯಬೇಕು. ಒಂದು ವಾಯಿದೆ ತಪ್ಪಿದರೆ ವಾರಂಟು. ಪಾಸ್‌ಪೋರ್ಟಿಗೆ ತಕರಾರು, ಪೊಲೀಸ್ ಪರಿಶೀಲನೆಯಲ್ಲಿ ‘ಪ್ರಕರಣ ಬಾಕಿ ಇದೆ’. ಕೊನೆಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಕೈ ತೊಳೆದುಕೊಳ್ಳುತ್ತಾನೆ, ಮಾಡದ ತಪ್ಪಾದರೂ ಸರಿ. ಇದನ್ನು ನೋಡಿ ನಗು ಬರುವುದಿಲ್ಲ. ನಿಜವಾಗಿ ಕಲ್ಲೇಟು ತಿಂದು ತಲೆಗೆ ಹೊಲಿಗೆ ಹಾಕಿಸಿಕೊಂಡ ಕಾನ್‌ಸ್ಟೆಬಲ್ ಕೇಸೂ ಇದೇ ಕಂತೆಯಲ್ಲಿ, ಇದೇ ವಾಕ್ಯದಲ್ಲಿ, ಇದೇ ಕಳೆದುಹೋದ ಕಾಗದಗಳ ಜೊತೆ ಬಿದ್ದುಹೋಗುತ್ತದೆ. ಗಾಯ ಮಾಡಿದವರಿಗೆ ಐದು ವರ್ಷದವರೆಗೆ ಸಜೆ ಎಂದು ಹೊಸ ಸಂಹಿತೆಯ 121 ಹೇಳುತ್ತದೆ. ಹೇಳಲಿ. ಗಾಯದ ಪ್ರಮಾಣಪತ್ರ ಕೊಟ್ಟ ವೈದ್ಯರನ್ನು ಸಾಕ್ಷಿಕಟ್ಟೆಗೆ ಕರೆತರುವವರು ಯಾರು? ಹೊಡೆತ ತಿಂದವನಿಗೂ ಹೊಡೆಯದವನಿಗೂ ಒಂದೇ ಅನ್ಯಾಯ ಮಾಡಿ ಇದನ್ನೇ ಕಾನೂನು ಸುವ್ಯವಸ್ಥೆ ಎನ್ನುತ್ತಾರೆ.

ಆರೋಪಿಗೆ ಬೆನ್ನಿಗೊಂದು ಪಕ್ಷವಿದ್ದರೆ ದಾರಿಯೇ ಬೇರೆ. ಸಾಕ್ಷಿ, ಗುಂಡಿ ಏನೂ ಬೇಡ. ಸಂಪುಟದ ತೀರ್ಮಾನ ಸಾಕು. 2022ರಲ್ಲಿ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಗೇ ಕಲ್ಲು ಬಿದ್ದ ಪ್ರಕರಣವೂ ಸೇರಿ 43 ಕೇಸುಗಳನ್ನು ಹಿಂಪಡೆಯಲು 2024ರ ಅಕ್ಟೋಬರಿನಲ್ಲಿ ಸರ್ಕಾರ ಹೊರಟಿತು. 2025ರ ಮೇನಲ್ಲಿ ಹೈಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ತನ್ನ ಪೊಲೀಸರ ಕರ್ತವ್ಯಕ್ಕೆ ಅಡ್ಡಿಯಾದವರನ್ನು ಬಿಟ್ಟುಬಿಡಿ ಎಂದು ಸರ್ಕಾರವೇ ಕೇಳುವುದು ಎಂಥ ದೊಡ್ಡ ಮನಸ್ಸು!

ಅತ್ತ ಕೋರ್ಟಿನಲ್ಲಿ ಇನ್ನೊಂದು ಫೈಲು. ಒಂದನೇ ಸಾಕ್ಷಿ ಫಿರ್ಯಾದಿ ಕಾನ್‌ಸ್ಟೆಬಲ್, ವರ್ಗವಾಗಿದೆ. ಮೂರು ಸಲ ಸಮನ್ಸ್ ಹೋಯಿತು, ‘ಬಂದೋಬಸ್ತ್ ಕರ್ತವ್ಯದಲ್ಲಿದ್ದಾರೆ’ ಎಂಬ ಷರಾದೊಂದಿಗೆ ವಾಪಸ್ ಬಂತು. ಈಗ ನ್ಯಾಯಾಧೀಶರು ಅವರ ಮೇಲೇ ವಾರಂಟು ಹೊರಡಿಸಿದ್ದಾರೆ. ಅದನ್ನು ಹಿಡಿದು ಹೊಸ ಠಾಣೆಯ ಇನ್ನೊಬ್ಬ ಕಾನ್‌ಸ್ಟೆಬಲ್ ಹೊರಟಿದ್ದಾರೆ. ಕಾಲರ್‌ಗೆ ಮಾತ್ರ ಕೈ ಹಾಕಬೇಡಿ, ಸಾರ್.