ಡಬ್ಬದೊಳಗೆ ಮಾವ ಒಬ್ಬರೇ

ಹಂಪಿಗೆ ಹೋಗಿ ಬಂದ ಮೇಲೆ ಹತ್ತಿದ ಹುಚ್ಚು ಇದು, ಪಿನ್‌ಹೋಲ್ ಅಂದರೆ ಸೂಜಿತೂತಿನ ಕ್ಯಾಮೆರಾದ ಹುಚ್ಚು. ವಿರೂಪಾಕ್ಷನ ಗುಡಿಯ ಕತ್ತಲ ಮೂಲೆಯಲ್ಲಿ, ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುತ್ತದಲ್ಲ, ಅದಕ್ಕೆ ಕಾರಣ ಒಂದು ಸಣ್ಣ ಕಿಂಡಿ. ಲೆನ್ಸೂ ಇಲ್ಲ, ಬ್ಯಾಟರಿಯೂ ಇಲ್ಲ. ‘ಇಷ್ಟೇ ತಾನೇ, ಮನೆಯಲ್ಲೇ ಮಾಡ್ತೀನಿ’ ಅಂದೆ. ಹೆಂಡತಿ ಈ ಮಾತನ್ನು ಹಿಂದೊಮ್ಮೆ ಮಿಕ್ಸಿ ಕೆಟ್ಟಾಗಲೂ ಕೇಳಿದ್ದಳು.

ಹಳೆ ಬಿಸ್ಕತ್ ಡಬ್ಬದ ಒಳಗೆ ಕಪ್ಪು ಬಣ್ಣ ಬಳಿದೆ. (ಅದರಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿ ಏನಾಯಿತು ಎಂಬ ವಿಚಾರಣೆ ಇನ್ನೂ ನಡೆಯುತ್ತಿದೆ.) ತೆಳು ತಗಡಿಗೆ ಸೂಜಿಯಲ್ಲಿ 0.3 ಮಿಲಿಮೀಟರ್ ತೂತು. ಅದರ ಮೇಲೆ ಕಪ್ಪು ಟೇಪು, ಅದೇ ಶಟರ್. ಫೋಟೋ ಪೇಪರ್ ತುಂಬಲು ಕತ್ತಲೆ ಬೇಕು. ನಮ್ಮ ಮನೆಯಲ್ಲಿ ಕತ್ತಲೆ ಸಿಗುವುದು ಬಚ್ಚಲಲ್ಲಿ ಮಾತ್ರ. ಪೇಪರನ್ನು ಕೆಡಿಸದ ಕೆಂಪು ಬಲ್ಬು ಹಾಕಿ ಚಿಲಕ ಹಾಕಿಕೊಂಡೆ. ಹೊರಗೆ ನಾಲ್ವರು ಟವೆಲ್ ಹಿಡಿದು ನಿಂತಿದ್ದರು.

ಅವತ್ತು ಏಪ್ರಿಲ್‌ನ ಕೊನೆಯ ಭಾನುವಾರ. 2001ರಿಂದ ಜಗತ್ತಿನಲ್ಲಿ ಅದು ಪಿನ್‌ಹೋಲ್ ಫೋಟೋಗ್ರಫಿಯ ದಿನ. ಅಂಗಳದ ನೆರಳಲ್ಲಿ ಎಲ್ಲರನ್ನೂ ಕೂರಿಸಿ, ‘ಎಂಟು ನಿಮಿಷ, ಯಾರೂ ಅಲ್ಲಾಡಬೇಡಿ’ ಎಂದು ಟೇಪು ತೆಗೆದೆ. ಮೊದಲ ನಿಮಿಷಕ್ಕೇ ಹಾಲು ಉಕ್ಕಿತು, ಹೆಂಡತಿ ಓಡಿದಳು. ಹಪ್ಪಳಕ್ಕೆ ಕಾಗೆ ಬಂತು, ಅಮ್ಮ ಎದ್ದರು. ಮಗನಿಗೆ ಕಾರಣವೇ ಬೇಕಿರಲಿಲ್ಲ. ಇವರನ್ನೆಲ್ಲ ಕರೆತರಲು ನಾನೂ ಹೋದೆ.

ಪೇಪರ್ ತೊಳೆದಾಗ ಕಂಡದ್ದು ಊರಿಂದ ಬಂದಿದ್ದ ಮಾವ ಒಬ್ಬರೇ. ಆರಾಮ ಕುರ್ಚಿಯಲ್ಲಿ ಗಡದ್ದಾಗಿ ನಿದ್ದೆ. ಮೀಸೆಯ ಕೂದಲೂ ಎಣಿಸಬಹುದು. ಹೊಟ್ಟೆ ಮಾತ್ರ ಮಸುಕು, ಉಸಿರಾಡುತ್ತಿದ್ದರಲ್ಲ!

‘ನಾವೆಲ್ಲಿ?’ ಅಂದಳು ಹೆಂಡತಿ. ಓಡಾಡಿದವರ ಗುರುತು ಉಳಿಯುವುದಿಲ್ಲ ಎಂದು ವಿವರಿಸಿದೆ.

‘ಅಂದ್ರೆ ಕೆಲಸ ಮಾಡಿದವರು ಯಾರೂ ಕಾಣಲ್ಲ ಅನ್ನಿ. ಇದಕ್ಕೆ ಡಬ್ಬ ಬೇಕಿತ್ತಾ?’

ಮಾವ ಆ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಊರಿಗೆ ಒಯ್ದರು.

ಮನುಷ್ಯರ ಸಹವಾಸ ಸಾಕು, ಸೂರ್ಯನನ್ನೇ ಹಿಡಿಯೋಣ ಅನಿಸಿತು. ಇಂಗ್ಲೆಂಡಿನ ಬೇಫೋರ್ಡ್‌ಬರಿ ವೀಕ್ಷಣಾಲಯದಲ್ಲಿ 2012ರಲ್ಲಿ ಇಂಥದೇ ಕ್ಯಾಮೆರಾ ಮಾಡಿ ಕಟ್ಟಿಟ್ಟು ಮರೆತ ಬಿಯರ್ ಕ್ಯಾನ್ 2020ರಲ್ಲಿ ಸಿಕ್ಕಿತ್ತು. ಒಳಗೆ ಎಂಟು ವರ್ಷದ ಸೂರ್ಯನ ಹಾದಿ, ದಿನಕ್ಕೊಂದರಂತೆ ಸಾವಿರಾರು ಕಮಾನು! ನಾನು ಕೇಳಿದ್ದು ಬರೀ ಆರು ತಿಂಗಳು. ಜೂನ್ 21ಕ್ಕೆ ತಾರಸಿಯ ಕಂಬಿಗೆ ಕ್ಯಾನ್ ಕಟ್ಟಿದೆ. ಆದರೆ ನಮ್ಮ ಮನೆಯಲ್ಲಿ ಖಾಲಿ ಡಬ್ಬ ಮರೆತುಹೋಗುವುದುಂಟೇ? ಮೂರನೇ ದಿನ ಹೋಗಿ ನೋಡಿದರೆ ಅದರೊಳಗೆ ತುಳಸಿ ಸಸಿ.

‘ನೀನೇ ತೂತು ಹಾಕಿಟ್ಟಿದ್ಯಲ್ಲೋ’ ಅಂದರು ಅಮ್ಮ. ‘ನೀರು ಬಸಿಯಲಿ ಅಂತ ಸ್ವಲ್ಪ ದೊಡ್ಡದು ಮಾಡ್ದೆ, ಅಷ್ಟೇ.’